ರದ್ದು ಮಾಡುವುದಾದರೆ ಬರೆದು ಕೊಡಿ

ಬೆಂಗಳೂರಿನ ಕ್ಯಾಂಪಸ್ಸುಗಳಲ್ಲಿ ಭಾಷಣ ರದ್ದಾಗುವುದು ಹೆಚ್ಚಾಗಿ ಬಾಯಿಮಾತಿನಲ್ಲಿ. ಸಭಾಂಗಣ ಕೊಟ್ಟಾಗಿರುತ್ತದೆ, ಕರಪತ್ರ ಹಂಚಿಯಾಗಿರುತ್ತದೆ. ಹಿಂದಿನ ಸಂಜೆ ‘ಮೇಲಿನಿಂದ ಫೋನ್ ಬಂತು, ಬೇಡ’ ಅನ್ನುತ್ತಾರೆ. ಕಾಗದವೇ ಇಲ್ಲದ ಮೇಲೆ ಯಾವುದರ ವಿರುದ್ಧ ಮೇಲ್ಮನವಿ ಹಾಕುವುದು? ರೋಗ ಇರುವುದು ಇಲ್ಲೇ ಎಂದು ನನ್ನ ನಂಬಿಕೆ.

ನಾನಿರುವ ಇಂಗ್ಲೆಂಡಿನಲ್ಲಿ ಸಭೆಗಳ ನಿಯಮಾವಳಿಯನ್ನು ವಿಶ್ವವಿದ್ಯಾಲಯ ಬರೆದಿಡಲೇಬೇಕೆಂದು 1986ರಲ್ಲೇ ಕಾನೂನಾಯಿತು. 2023ರ ಕಾಯ್ದೆ ಅದನ್ನು ಬಿಗಿ ಮಾಡಿತು. ಸರ್ಕಾರ ಬದಲಾಗಿ ಒಂದು ವರ್ಷ ತಡೆ ಬಿದ್ದು, ಮುಖ್ಯ ಭಾಗಗಳು 2025ರ ಆಗಸ್ಟ್ 1ರಂದು ಜಾರಿಗೆ ಬಂದವು. ಅದರಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಕಾವಲಿನ ಖರ್ಚಿನ ಮಾತು: ತೀರಾ ಅಪರೂಪದ ಸಂದರ್ಭ ಬಿಟ್ಟರೆ ಅದನ್ನು ಸಂಘಟಕರ ತಲೆಗೆ ಕಟ್ಟುವಂತಿಲ್ಲ. ಕಟ್ಟಿದರೆ ಆಗುವುದಿಷ್ಟು: ಗಲಾಟೆ ಮಾಡುತ್ತೇವೆಂದು ಬೆದರಿಸಿದವರಿಂದ ಕಾವಲಿನ ಖರ್ಚು ಏರುತ್ತದೆ, ಚಂದಾ ಎತ್ತಿ ನಡೆಸುವ ಸಣ್ಣ ಗುಂಪು ತಾನಾಗಿಯೇ ಹಿಂದೆ ಸರಿಯುತ್ತದೆ. ಅಲ್ಲೂ ಕೊರತೆಯಿದೆ, ಫಾರ್ಮುಗಳ ಕಾಟ ಸಣ್ಣದಲ್ಲ.

ನಮ್ಮ ಸುಪ್ರೀಂ ಕೋರ್ಟ್ 1989ರ ಎಸ್. ರಂಗರಾಜನ್ ಪ್ರಕರಣದಲ್ಲೇ ಪ್ರತಿಭಟನೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕಬಾರದೆಂದಿದೆ. 2015ರ ಶ್ರೇಯಾ ಸಿಂಘಾಲ್ ತೀರ್ಪು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರನ್ನು ಬಿಡಿಸಿಟ್ಟು, ನಿರ್ಬಂಧಕ್ಕೆ ಜಾಗ ಮೂರನೆಯದರಲ್ಲಿ ಮಾತ್ರ ಎಂದಿತು. ಕಾನೂನು ಇದೆ. ಅದು ರಿಜಿಸ್ಟ್ರಾರರ ಮೇಜಿಗೆ ಇಳಿದಿಲ್ಲ, ಅಷ್ಟೆ.

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಂಥ ಕ್ಯಾಂಪಸ್ಸಿಗೆ ಒಂದು ಪುಟದ ನಿಯಮ ಸಾಕು. ಹತ್ತು ಕೆಲಸದ ದಿನ ಮೊದಲು ಅರ್ಜಿ, ನಾಲ್ಕು ದಿನದೊಳಗೆ ಉತ್ತರ. ಉತ್ತರ ಬಾರದಿದ್ದರೆ ಒಪ್ಪಿಗೆಯೆಂದೇ ಅರ್ಥ. ಈ ಕೊನೆಯ ಸಾಲು ಇಲ್ಲದಿದ್ದರೆ ಕಡತ ಸುಮ್ಮನೆ ಮಲಗುತ್ತದೆ. ನಿರಾಕರಿಸಿದರೆ, ಅಭಿವ್ಯಕ್ತಿಯನ್ನು ನಿರ್ಬಂಧಿಸಲು ಸಂವಿಧಾನದ 19(2)ನೇ ವಿಧಿ ಕೊಡುವ ಎಂಟು ಕಾರಣಗಳಲ್ಲಿ ಯಾವುದು ಎಂದು ಬರೆದು ಸಹಿ ಹಾಕಬೇಕು. ‘ಭಾವನೆಗೆ ಧಕ್ಕೆ’ ಆ ಎಂಟರಲ್ಲಿಲ್ಲ. ಗಲಾಟೆಯ ಭಯವಿದ್ದರೆ ಮೊದಲು ಗುರುತಿನ ಚೀಟಿ ತಪಾಸಣೆ, ಆಮೇಲೆ ಕೊಠಡಿಯೋ ಸಮಯವೋ ಬದಲಾವಣೆ, ರದ್ದತಿ ಕಟ್ಟಕಡೆಗೆ. ಮೇಲ್ಮನವಿ ಕೇಳುವ ಮೂವರಲ್ಲಿ ಮೊದಲು ನಿರಾಕರಿಸಿದ ಅಧಿಕಾರಿ ಇರಕೂಡದು. ಸಹಿ ಹಾಕುವ ಮುನ್ನ ಅಧಿಕಾರಿ ಅರ್ಜಿಯಲ್ಲಿ ಬಲಪಂಥದ ವಿದ್ಯಾರ್ಥಿ ಸಂಘಟನೆ ಎಬಿವಿಪಿ ಇದ್ದಲ್ಲಿ ಎಡಪಂಥದ ಎಸ್‌ಎಫ್‌ಐ, ಎಸ್‌ಎಫ್‌ಐ ಇದ್ದಲ್ಲಿ ಎಬಿವಿಪಿ ಎಂದು ಓದಿಕೊಳ್ಳಲಿ. ತೀರ್ಮಾನ ಬದಲಾದರೆ ಅದು ತಪ್ಪು ತೀರ್ಮಾನ.

ಇದನ್ನೆಲ್ಲ ಕೇಳಲು ವಿದ್ಯಾರ್ಥಿಗಳು ಆರಿಸಿದ ಸಂಘ ಬೇಕು. ಕರ್ನಾಟಕದಲ್ಲಿ 1980ರ ದಶಕದ ಕೊನೆಗೆ ನಿಂತ ಚುನಾವಣೆ ದಶಕಗಳ ಕಾಲ ನಡೆಯಲಿಲ್ಲ. ಹಣ, ರೌಡಿತನದ ಭಯ ನಿಜವೇ. ಅದಕ್ಕೆಂದೇ ವಿದ್ಯಾರ್ಥಿ ಸಂಘಗಳ ಚುನಾವಣೆಗೆ ನಿಯಮ ಸೂಚಿಸಿದ 2006ರ ಲಿಂಗ್ಡೋ ಸಮಿತಿ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ ಹಾಕಿ, ಅಚ್ಚಿನ ಪೋಸ್ಟರ್ ಬೇಡವೆಂದಿತು.

ನಿಯಮದ ಆ ಒಂದು ಪುಟ ಮೊದಲು ಕನ್ನಡದಲ್ಲಿ ಬರಲಿ. ಕೋಲಾರ, ರಾಮನಗರದಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿ ಅದನ್ನು ಹಿಡಿದುಕೊಂಡು ಕಚೇರಿಗೆ ಹೋಗಿ, ಬೆರಳಿಟ್ಟು ತೋರಿಸುವಂತಿರಬೇಕು.