ನೆಲಮಾಳಿಗೆಯ ಬಾಗಿಲಿನಿಂದ ಒಳಹೋಗುವ ನ್ಯಾಯಾಲಯ

ಪಿಟ್ಸ್‌ಬರ್ಗ್‌ಗೆ ಹೋಗುವ ಅಮೆರಿಕದ ಕನ್ನಡಿಗರಲ್ಲಿ ಅನೇಕರು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ದರ್ಶನ ಮುಗಿಸಿ, ಪುಳಿಯೋಗರೆ ತಿಂದು, ನಗರದೊಳಗೆ ಕಾಲಿಡದೆಯೇ ಹೆದ್ದಾರಿ ಹಿಡಿಯುತ್ತಾರೆ. ಗ್ರಾಂಟ್ ಸ್ಟ್ರೀಟ್‌ನಲ್ಲಿರುವ ಅಲಿಗೇನಿ ಕೌಂಟಿಯ ನ್ಯಾಯಾಲಯವನ್ನು ನೋಡದೆ ಹಾಗೆ ಹೊರಟುಬಿಡುವುದು ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ.

ಅದೇ ಜಾಗದಲ್ಲಿದ್ದ ಹಿಂದಿನ ನ್ಯಾಯಾಲಯ 1882ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೊಸ ಕಟ್ಟಡದ ವಿನ್ಯಾಸಕ್ಕೆ ನಡೆದ ಸ್ಪರ್ಧೆಯಲ್ಲಿ ಗೆದ್ದವರು ಬಾಸ್ಟನ್ನಿನ ಟ್ರಿನಿಟಿ ಚರ್ಚಿನಿಂದ ಆಗಲೇ ಹೆಸರಾಗಿದ್ದ ಎಚ್. ಎಚ್. ರಿಚರ್ಡ್‌ಸನ್. 1884ರಲ್ಲಿ ಕೆಲಸ ಶುರುವಾಯಿತು. ಆದರೆ 1886ರಲ್ಲಿ, 47ನೆಯ ವಯಸ್ಸಿನಲ್ಲಿ, ಅವರು ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. 1888ರಲ್ಲಿ ಕಟ್ಟಡವನ್ನು ಪೂರೈಸಿದವರು ಅವರ ಕಚೇರಿಯ ಉತ್ತರಾಧಿಕಾರಿಗಳಾದ ಶೆಪ್ಲಿ, ರುಟಾನ್ ಮತ್ತು ಕೂಲಿಜ್.

ಮ್ಯಾಸಚೂಸೆಟ್ಸ್‌ನಿಂದ ತರಿಸಿದ ಗುಲಾಬಿ ಛಾಯೆಯ ಗ್ರಾನೈಟಿನ ಒರಟು ಗೋಡೆಗಳನ್ನೂ ದುಂಡು ಕಮಾನುಗಳನ್ನೂ ನೋಡಿದವರು ಇದನ್ನು ಕೋಟೆಯೆಂದು ಕರೆಯುತ್ತಾರೆ. ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ, ಏಕೆಂದರೆ ಇಲ್ಲಿ ಗೋಪುರಗಳೂ ದುಡಿಯುತ್ತವೆ. ಉಕ್ಕಿನ ಕಾರ್ಖಾನೆಗಳ ಹೊಗೆಯಲ್ಲಿ ಮುಳುಗಿದ್ದ ಆ ಊರಿನಲ್ಲಿ ಕಿಟಕಿ ತೆರೆದರೆ ಕೋಣೆಯೊಳಕ್ಕೆ ಬರುತ್ತಿದ್ದುದು ಗಾಳಿಗಿಂತ ಹೆಚ್ಚಾಗಿ ಮಸಿ. ಆದುದರಿಂದ ರಿಚರ್ಡ್‌ಸನ್ ಮುಂಭಾಗದ ಎತ್ತರದ ಗೋಪುರದ ತುದಿಯಿಂದ, ಆದಷ್ಟೂ ಹೊಗೆಯ ಪದರದ ಮೇಲಿನಿಂದಲೇ ಗಾಳಿಯನ್ನು ಸೆಳೆದು, ಕೆಳಕ್ಕಿಳಿಸಿ ಕೋಣೆಗಳಿಗೆಲ್ಲ ಹಂಚುವ ವ್ಯವಸ್ಥೆ ಮಾಡಿದರು. ಕೆಟ್ಟ ಗಾಳಿ ಹೊರಹೋಗುತ್ತಿದ್ದುದು ಹಿಂಭಾಗದ ಎರಡು ಗೋಪುರಗಳ ಮೂಲಕ. ನೋಟಕ್ಕೆ ಗತ್ತು ಕೊಡುವ ಭಾಗವೇ ಉಸಿರಾಟದ ಯಂತ್ರವೂ ಆಗಿರುವ ಇಂಥ ಜಾಣತನ ನಮ್ಮ ಕಾಲದ ಗಾಜಿನ ಕಚೇರಿಗಳಲ್ಲಿ ನನಗೆ ಕಾಣುವುದಿಲ್ಲ.

ಕಟ್ಟಡದ ನಿಜವಾದ ಮುಖ ಇರುವುದು ಒಳಗೆ. ನಮ್ಮ ತೊಟ್ಟಿಮನೆಯ ಹಾಗೆ ನಾಲ್ಕೂ ಕಡೆಯ ಭಾಗಗಳು ನಡುವಿನ ತೆರೆದ ಅಂಗಳವನ್ನು ಸುತ್ತುವರಿದಿದ್ದು, ರಸ್ತೆಯ ಗದ್ದಲಕ್ಕೆ ಬೆನ್ನು ಹಾಕಿದ ಕೋಣೆಗಳಿಗೆ ಬೆಳಕು ಬರುವುದು ಅಲ್ಲಿಂದ. ಅಲ್ಲಿ ಅಲಂಕಾರ ಬಹಳ ಕಡಿಮೆ. ಅಂತಸ್ತಿನಿಂದ ಅಂತಸ್ತಿಗೆ ಸಾಗುವ ಕಮಾನುಗಳ ಸಾಲು ಮತ್ತು ಕಲ್ಲು, ಇಷ್ಟೇ. ಒಳಗಿನ ದೊಡ್ಡ ಮೆಟ್ಟಿಲ ಸಾಲಿನಲ್ಲಿಯೂ ಒಂದರ ಹಿಂದೆ ಒಂದು ಕಮಾನು ಕಾಣಿಸಿಕೊಳ್ಳುತ್ತ ಹೋಗುತ್ತದೆ.

ಪ್ರವಾಸಿಗರು ಹೆಚ್ಚಾಗಿ ಫೋಟೊ ತೆಗೆಯುವುದು ಕೈದಿಗಳನ್ನು ಜೈಲಿನಿಂದ ನ್ಯಾಯಾಲಯಕ್ಕೆ ಕರೆತರಲು ರಸ್ತೆಯ ಮೇಲೆ ಕಟ್ಟಿದ ಸೇತುವೆಯನ್ನು. ವೆನಿಸ್ಸಿನ ನಿಟ್ಟುಸಿರಿನ ಸೇತುವೆಯನ್ನು ನೆನಪಿಸುವ ಅದು ಚೆಲುವಾಗಿದೆ, ನಿಜ. ನನಗೆ ಮಾತ್ರ ಅದರಾಚೆಯ ಜೈಲಿನ ಬೋಳು ಗೋಡೆಯೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. 1902ರಲ್ಲಿ ಬಿಡಲ್ ಸಹೋದರರು ಜೈಲಧಿಕಾರಿಯ ಹೆಂಡತಿಯ ನೆರವಿನಿಂದಲೇ ತಪ್ಪಿಸಿಕೊಂಡದ್ದು ಈ ಜೈಲಿನಿಂದ. ಅಷ್ಟು ದಪ್ಪ ಕಲ್ಲಿದ್ದೂ ಏನು ಪ್ರಯೋಜನವಾಯಿತೋ!

1913ರ ಹೊತ್ತಿಗೆ ನಗರದವರು ಗ್ರಾಂಟ್ ಸ್ಟ್ರೀಟಿನ ದಿಬ್ಬವನ್ನು ಕಡಿದು ರಸ್ತೆಯನ್ನು ತಗ್ಗಿಸಿದರು. ನೆಲಮಾಳಿಗೆ ಬಯಲಿಗೆ ಬಂತು, ಮುಖ್ಯ ಬಾಗಿಲುಗಳು ಮೇಲೆ ಉಳಿದವು. ಅವುಗಳನ್ನು ತಲುಪಲು ಕಟ್ಟಿದ ಮೆಟ್ಟಿಲುಗಳನ್ನೂ 1920ರ ದಶಕದಲ್ಲಿ ರಸ್ತೆ ಅಗಲಿಸುವಾಗ ಒಡೆದುಹಾಕಿದರು. ಹೀಗಾಗಿ ಇಂದು ಜನ ಒಳಹೋಗುವುದು ಒಂದು ಕಾಲದ ನೆಲಮಾಳಿಗೆಯ ಮಟ್ಟದಿಂದ, ತಗ್ಗು ಚಾವಣಿಯ ಕೆಳಗಿನಿಂದ. 1995ರಲ್ಲಿ ಮುಚ್ಚಿದ ಜೈಲನ್ನು ಕೆಡವದೆ, ಅದರೊಳಗೆ ಕೌಟುಂಬಿಕ ನ್ಯಾಯಾಲಯವನ್ನು ಕೂರಿಸಿದ ವಿವೇಕ ಆಗ ಇದ್ದಿದ್ದರೆ ಚೆನ್ನಾಗಿತ್ತು.

ಹಾಗೆಂದು ಮೆಟ್ಟಿಲುಗಳನ್ನು ಮತ್ತೆ ಕಟ್ಟಬೇಕೆಂದು ಯಾರಾದರೂ ವಾದಿಸಿದರೆ ನಾನು ಒಪ್ಪಲಾರೆ. ರಸ್ತೆಯ ಮಟ್ಟವೇ ಬದಲಾದ ಮೇಲೆ ಅವು ರಿಚರ್ಡ್‌ಸನ್ ಎಣಿಸಿದ ಪ್ರವೇಶವಾಗುವುದಿಲ್ಲ. ಮೇಲಾಗಿ, ಗಾಲಿಕುರ್ಚಿಯಲ್ಲಿ ಬರುವ ಕಕ್ಷಿದಾರರಿಗೆ ಈಗಿನ ತಗ್ಗು ಬಾಗಿಲೇ ಅನುಕೂಲ.