ಮಂದ್ರದ ಜಿ ತಂತಿಯ ಉಸಾಬರಿ

ಯುಕುಲೇಲೆಯೆಂದರೆ ಗಿಟಾರಿನ ರೂಪದ, ಜಿ, ಸಿ, ಇ, ಎ ಎಂಬ ನಾಲ್ಕು ತಂತಿಗಳ ಪುಟ್ಟ ವಾದ್ಯ; ಟೆನರ್ ಎಂಬುದು ಅದರ ಒಂದು ಗಾತ್ರ. ಜಿಯನ್ನು ವಾಡಿಕೆಯ ಸ್ಥಾಯಿಯಲ್ಲಿ ಕಟ್ಟಿದರೆ ಹೈ ಜಿ, ಒಂದು ಸ್ಥಾಯಿ ಕೆಳಗೆ ಕಟ್ಟಿದರೆ ಲೋ ಜಿ. ಟೆನರ್ ಯುಕುಲೇಲೆಗೆ ಲೋಹ ಸುತ್ತಿದ ಲೋ ಜಿ ತಂತಿಯನ್ನು ಕಟ್ಟಿಕೊಂಡವರಿಗೆಲ್ಲ ತಿಳಿದಿರುವ ಸಂಗತಿಯೆಂದರೆ, ನಾಲ್ಕು ತಂತಿಗಳಲ್ಲಿ ಮೊದಲು ಕೈಕೊಡುವುದು ಅದೊಂದೇ. ಎ ಮೈನರ್, ಎಫ್, ಡಿ ಈ ಮೂರು ಕಾರ್ಡುಗಳಿಗೂ, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳಿಗೂ, ಆ ತಂತಿಯನ್ನು ವಾದ್ಯದ ಕುತ್ತಿಗೆಯ ಎರಡನೆಯ ಮೆಟ್ಟಿಲಿನಲ್ಲೇ (ಫ್ರೆಟ್) ಒತ್ತಬೇಕಾಗಿರುವುದರಿಂದ, ಲೋಹದ ಸುತ್ತು ಅಲ್ಲಿ ಮೊದಲು ಚಪ್ಪಟೆಯಾಗುತ್ತದೆ, ಆಮೇಲೆ ಬಿರಿಯುತ್ತದೆ, ಕೊನೆಗೆ ಒಳಗಿನ ಬಿಳಿಯ ನೂಲು ಹೊರಗೆ ಇಣುಕುತ್ತದೆ. ಉಳಿದ ಮೂರು ತಂತಿಗಳು ಆ ಹೊತ್ತಿಗೂ ಹೊಸದರಂತೆಯೇ ಇರುತ್ತವೆ. ಆದರೆ ನಮ್ಮ ಶಿವಮೊಗ್ಗದಲ್ಲಿ ಬಿಡಿ ತಂತಿಯನ್ನು ಕೇಳಿ ನೋಡಿ. "ಬಿಡಿ ಬರಲ್ಲ ಸಾರ್, ಸೆಟ್ ತಗೊಳ್ಳಿ" ಎಂಬ ಉತ್ತರ, ನಾವು ಬಾಯಿ ಮುಚ್ಚುವುದಕ್ಕೂ ಮುಂಚೆ ಬಂದಿರುತ್ತದೆ. ಹೀಗಾಗಿ ನನ್ನ ಮೇಜಿನ ಡ್ರಾಯರಿನ ತುಂಬ ಸಿ, ಇ, ಎ ತಂತಿಗಳು ಪೊಟ್ಟಣವನ್ನೂ ಬಿಚ್ಚದ ಸ್ಥಿತಿಯಲ್ಲಿ ಬಿದ್ದಿವೆ. ಅವುಗಳಲ್ಲಿ ಕೆಲವನ್ನು ನನ್ನ ಹೆಂಡತಿ ಹಿತ್ತಲಿನ ಅಲಸಂದೆ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟುವುದಕ್ಕೆ ಒಯ್ದಿದ್ದಾಳೆ. ಬಳ್ಳಿ ಚೆನ್ನಾಗಿಯೇ ಹಬ್ಬಿದೆ.

ಇಷ್ಟೆಲ್ಲ ಗೋಳು ಏಕೆ, ಎಲ್ಲರಂತೆ ಹೈ ಜಿ ಕಟ್ಟಿಕೊಂಡು ಸುಮ್ಮನಿರಬಾರದೇ ಎಂದು ಕೇಳುವವರಿದ್ದಾರೆ. ಸಿ ತಂತಿಯನ್ನು ಷಡ್ಜವೆಂದು ಇಟ್ಟುಕೊಂಡರೆ, ಹೈ ಜಿ ಕಟ್ಟಿದ ವಾದ್ಯದಲ್ಲಿ ಷಡ್ಜದ ಕೆಳಗೆ ಒಂದು ಸ್ವರವೂ ಇಲ್ಲ. ಭಾವಗೀತೆಯ ಪಲ್ಲವಿಯೊಂದು ಮಂದ್ರದ ನಿಷಾದವನ್ನೋ ಪಂಚಮವನ್ನೋ ಮುಟ್ಟಿ ಬರಲು ಹೊರಟಿತೆಂದರೆ ವಾದ್ಯ ಅಲ್ಲಿಯೇ ನಿಂತುಬಿಡುತ್ತದೆ. ಲೋ ಜಿ ಇದ್ದರೆ ಮಂದ್ರ ಪಂಚಮದವರೆಗೆ ಧಾರಾಳವಾಗಿ ಇಳಿಯಬಹುದು. ಶಿವಮೊಗ್ಗ ಸುಬ್ಬಣ್ಣನವರ ಊರಿನಲ್ಲಿ ಕುಳಿತುಕೊಂಡು, ಭಾವಗೀತೆಯನ್ನು ನುಡಿಸಲು ಬಾರದ ವಾದ್ಯವನ್ನು ಮನೆಯಲ್ಲಿಟ್ಟುಕೊಳ್ಳುವುದು ನನಗಂತೂ ಸರಿಕಾಣುವುದಿಲ್ಲ.

ಹೈ ಜಿಯ ಮಡಿವಂತರು ಇದನ್ನು ಒಪ್ಪುವುದಿಲ್ಲ. ಆ ಸಣ್ಣ ತಂತಿಯ ಕಿಣಿಕಿಣಿ ಇಲ್ಲದಿದ್ದರೆ ಅದು ಯುಕುಲೇಲೆಯೇ ಅಲ್ಲ, ಪುಟ್ಟ ಗಿಟಾರು ಎಂಬುದು ಅವರ ವಾದ. 1879ರಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗಿನಲ್ಲಿ ಮದೀರಾ ದ್ವೀಪದಿಂದ ಹೊನೊಲುಲುವಿಗೆ ಬಂದಿಳಿದ ಪೋರ್ಚುಗೀಸ್ ಮರಗೆಲಸಗಾರರು ತಮ್ಮೂರಿನ ಪುಟ್ಟ ವಾದ್ಯಗಳನ್ನು ಅಲ್ಲಿಯ ಮರಕ್ಕೂ ಅಲ್ಲಿಯ ಕಿವಿಗೂ ತಕ್ಕಂತೆ ಬದಲಾಯಿಸಿದ್ದರಿಂದಲೇ ಯುಕುಲೇಲೆ ಹುಟ್ಟಿತು. ಟೆನರ್ ಗಾತ್ರದ್ದಂತೂ 1920ರ ದಶಕದವರೆಗೆ ಇರಲೇ ಇಲ್ಲ. ಹುಟ್ಟಿನಿಂದಲೂ ಬೆರಕೆಯಾಗಿರುವ ವಾದ್ಯಕ್ಕೆ ಮಡಿ ಉಡಿಸಲು ಹೊರಡುವುದು ವ್ಯರ್ಥ ಶ್ರಮ. ಇದನ್ನು ಅವರ ಮುಂದೆಯೂ ಹೇಳಿದ್ದೇನೆ, ಪ್ರಯೋಜನವಾಗಿಲ್ಲ.

ನಿಜವಾದ ತೊಡಕು ಇರುವುದು ತೂಕದಲ್ಲಿ. ಹೈ ಜಿ ಸೆಕೆಂಡಿಗೆ 392 ಸಲ ಕಂಪಿಸಿದರೆ ಲೋ ಜಿ 196 ಸಲ ಕಂಪಿಸಬೇಕು. ಅಷ್ಟೇ ಉದ್ದ, ಅಷ್ಟೇ ಬಿಗಿ ಇರುವಾಗ ತಂತಿಯೊಂದು ಒಂದು ಸ್ಥಾಯಿ ಕೆಳಗಿಳಿಯಬೇಕಾದರೆ ಅದರ ತೂಕ ನಾಲ್ಕು ಪಟ್ಟಾಗಬೇಕು. ಅದೇ ನೈಲಾನನ್ನು ದಪ್ಪ ಮಾಡುತ್ತ ಹೋದರೆ ಒಂದು ಮಿಲಿಮೀಟರನ್ನೂ ಮೀರಿ, ನಾದ ಬರುವ ಬದಲು ದೊಬ್ ಎಂಬ ಶಬ್ದ ಬರುತ್ತದೆ. ಲೋಹ ಸುತ್ತಿದರೆ ತಂತಿ ತೆಳ್ಳಗೂ ಉಳಿದು, ಗಟ್ಟಿಯಾಗಿಯೂ ನುಡಿಯುತ್ತದೆ, ಆದರೆ ಬೆರಳು ಜಾರಿದಾಗಲೆಲ್ಲ ಕೀಚು ಕೀಚು ಎನ್ನುತ್ತದೆ. ಅದನ್ನೂ ಸಹಿಸಿಕೊಳ್ಳಬಹುದಾಗಿತ್ತು. ಆದರೆ ಪುನರ್ವಸು ಮಳೆ ಹಿಡಿದು, ಒಗೆದ ಬಟ್ಟೆ ವಾರಗಟ್ಟಲೆ ಒಣಗದೆ, ಚಪ್ಪಲಿಗೂ ಬೂಷ್ಟು ಬರುವ ನಮ್ಮ ಸೀಮೆಯಲ್ಲಿ ಲೋಹದ ಸುತ್ತಿಗೆ ಕಿಲುಬು ಹಿಡಿಯದೆ ಇರುತ್ತದೆಯೇ? ತಂತಿ ಮೊದಲು ಮಂಕಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಅದರೊಂದಿಗೆ ನಾದವೂ ಮಂಕಾಗುತ್ತದೆ.

ಉಳಿದದ್ದು ಫ್ಲೋರೋಕಾರ್ಬನ್. ಇದರ ಸಾಂದ್ರತೆ ನೀರಿನದರ ಸುಮಾರು 1.78 ಪಟ್ಟು ಇರುವುದರಿಂದ, ಲೋಹದ ಹಂಗಿಲ್ಲದೆ 0.9 ಮಿಲಿಮೀಟರಿನ ಆಸುಪಾಸಿನಲ್ಲೇ ಲೋ ಜಿ ಸಾಧ್ಯವಾಗುತ್ತದೆ. ಇದು ಮೂಲತಃ ಮೀನು ಹಿಡಿಯುವ ಗಾಳದ ದಾರ. ವಾದ್ಯದ ಹೆಸರಿನಲ್ಲಿ ಪೊಟ್ಟಣಕಟ್ಟಿದ ಕೂಡಲೇ ಅದರ ಬೆಲೆ ಏರುತ್ತದೆ. ಬಿಡಿ ತಂತಿ ಮಾರದ ಅಂಗಡಿಗಳ ಮೇಲಿನ ಸಿಟ್ಟೂ ಸೇರಿ, ನಾನು ನೇರವಾಗಿ ಗಾಳದ ಸಾಮಾನು ಮಾರುವ ಅಂಗಡಿಗೇ ಹೋದೆ, ಸ್ನೇಹಿತರಾದ ವಿಜ್ಞಾನದ ಮೇಷ್ಟ್ರಿಂದ ಎರವಲು ಪಡೆದ ವರ್ನಿಯರ್ ಕ್ಯಾಲಿಪರ್ಸನ್ನು ಜೇಬಿನಲ್ಲಿಟ್ಟುಕೊಂಡು.

"ಯಾವ ಮೀನಿಗೆ ಸಾರ್?" ಎಂದರು ಅಂಗಡಿಯವರು.

ಮೀನಿಗಲ್ಲ ಎಂದೆ. ಅವರು ತಲೆಯಾಡಿಸಿದರಾದರೂ ಆ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ. ದಾರದ ಸುರುಳಿಗಳನ್ನು ಒಂದೊಂದಾಗಿ ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಪ್ರತಿಯೊಂದರ ಗುಣಗಾನ ಮಾಡಿದರು. ನಾನು ಪ್ರತಿಯೊಂದರ ತುದಿಯನ್ನು ಎಳೆದು, ಕ್ಯಾಲಿಪರ್ಸಿನ ಬಾಯಿಗಿಟ್ಟು, ಕನ್ನಡಕವನ್ನು ಹಣೆಗೇರಿಸಿ ಓದಿದೆ. ಫ್ಲೋರೋಕಾರ್ಬನ್ ಸುರುಳಿ ಬಂದಾಗ ಅವರ ದನಿ ಭಕ್ತಿಯಿಂದ ತಗ್ಗಿತು. "ಇದನ್ನ ನೀರಿಗೆ ಬಿಟ್ರೆ ಮೀನಿಗೆ ಕಾಣೋದೇ ಇಲ್ಲ ಸಾರ್, ಸೀದಾ ತಳಕ್ಕೆ ಇಳಿಯುತ್ತೆ." ತಳಕ್ಕೆ ಇಳಿಸುವ ಆ ಭಾರಕ್ಕಾಗಿಯೇ ನಾನೂ ಬಂದಿರುವುದು, ಆದರೆ ನನ್ನದು ಮಂದ್ರದ ತಳ ಎಂದು ವಿವರಿಸಲು ಹೋಗಿ, ಅವರ ಮುಖವನ್ನು ನೋಡಿ ಬಿಟ್ಟುಕೊಟ್ಟೆ. ಇದಕ್ಕಿಂತ ದಪ್ಪನೆಯದು ಇದೆಯೇ ಎಂದು ಕೇಳಿದೆ. ಒಳಗಿನಿಂದ ಒಂದು ಧೂಳು ಹಿಡಿದ ಸುರುಳಿ ಬಂತು. ಅಳೆದೆ: 0.91. ಮುಖ ಅರಳಿರಬೇಕು, ಏಕೆಂದರೆ ಅಂಗಡಿಯವರ ಮುಖ ಅದೇ ಗಳಿಗೆಯಲ್ಲಿ ಗಂಭೀರವಾಯಿತು.

ಆ ದಾರ ಐವತ್ತು ಕಿಲೋಗೂ ಮೀರಿದ ಎಳೆತವನ್ನು ತಾಳುವಂಥದು. ಸಮುದ್ರದ ದೊಡ್ಡ ಮೀನಿಗೆ ಬೇಕಾದದ್ದು. ಯುಕುಲೇಲೆಯ ಮೇಲೆ ಅದು ಹೊರಬೇಕಾದದ್ದು ಮೂರೂವರೆ ಕಿಲೋದಷ್ಟು ಬಿಗಿಯನ್ನು ಮಾತ್ರ. ಆದರೆ ನೋಡುವವರ ಕಣ್ಣಿಗೆ ನಾನು ಸಮುದ್ರದಿಂದ ದೂರವಿರುವ ಊರಿನಲ್ಲಿ, ಭಾರೀ ಮೀನಿನ ದಾರವನ್ನು ಅಳತೆ ಮಾಡಿ ಮಾಡಿ ಕೊಳ್ಳುತ್ತಿರುವ, ಏನನ್ನು ಹಿಡಿಯುತ್ತೇನೆಂದು ಹೇಳಲೊಲ್ಲದ ಮನುಷ್ಯ. ಮೂಲೆಯಲ್ಲಿ ಕುಳಿತು ಗಾಳಗಳನ್ನು ಆರಿಸುತ್ತಿದ್ದ ಹಿರಿಯರೊಬ್ಬರು ಅಲ್ಲಿಂದಲೇ ಕೇಳಿದರು: "ತೀರ್ಥಳ್ಳಿ ಕಡೆಯೋರಾ ನೀವು?" ಅಲ್ಲ, ಇದೇ ಊರಿನವನು ಎಂದೆ. ಅವರು ಬಿಡಲಿಲ್ಲ. "ಚಿಬ್ಬಲಗುಡ್ಡೆ ಮೀನು, ಶೃಂಗೇರಿ ಮೀನು, ಎರಡೂ ದೇವರ ಮೀನು. ಮುಟ್ಟಿದೋರು ಉದ್ಧಾರ ಆಗಿಲ್ಲ. ನೆನಪಿರಲಿ ತಮ್ಮಾ." ತುಂಗೆಯ ದೇವರಮೀನುಗಳ ಮೇಲೆ ನನಗೆ ಅವರಷ್ಟೇ ಗೌರವವಿದೆ, ಅದೂ ಅಲ್ಲದೆ ನಾನು ಹುಟ್ಟಾ ಸಸ್ಯಾಹಾರಿ. ಎರಡನ್ನೂ ಹೇಳಿದೆ. ಎರಡನೆಯದನ್ನು ಕೇಳಿದ ಮೇಲಂತೂ ಅವರ ಸಂಶಯ ಇಮ್ಮಡಿಯಾಯಿತು. ಕೊನೆಗೆ ಮೊಬೈಲಿನಲ್ಲಿದ್ದ ಯುಕುಲೇಲೆಯ ಚಿತ್ರವನ್ನು ತೋರಿಸಬೇಕಾಯಿತು. ಹಿರಿಯರು ಅದನ್ನು ಬಹಳ ಹೊತ್ತು ನೋಡಿ, "ಇಷ್ಟಕ್ಕೆ ಇಷ್ಟು ದಾರ ಯಾಕೆ?" ಎಂದರು.

ಅದು ನ್ಯಾಯವಾದ ಪ್ರಶ್ನೆಯಾಗಿತ್ತು. ಸುರುಳಿಯಲ್ಲಿದ್ದದ್ದು 50 ಮೀಟರು. ಗಂಟಿಗೂ ಸುತ್ತಿಗೂ ಸೇರಿಸಿ ಒಂದು ತಂತಿಗೆ ಬೇಕಾದದ್ದು ಮುಕ್ಕಾಲು ಮೀಟರಿಗಿಂತ ಕಡಿಮೆ. ಒಂದು ಮೀಟರು ಕತ್ತರಿಸಿ ಕೊಡುತ್ತೀರಾ ಎಂದು ಅಂಗಡಿಯವರನ್ನು ಕೇಳಿದೆ.

"ಬಿಡಿ ಕೊಡಲ್ಲ ಸಾರ್."

ಸುರುಳಿಯನ್ನೇ ತಂದು ಕಟ್ಟಿದ್ದಾಗಿದೆ. ಮಳೆಗಾಲಕ್ಕೆ ಇದು ಜಗ್ಗುವುದಿಲ್ಲ, ಏಕೆಂದರೆ ನೈಲಾನು ಹೀರಿಕೊಳ್ಳುವ ಹಾಗೆ ಇದು ನೀರನ್ನು ಹೀರಿಕೊಳ್ಳುವುದಿಲ್ಲ. ಕೀಚಲು ಸದ್ದೂ ಇಲ್ಲ, ಕಿಲುಬೂ ಇಲ್ಲ. ಆದರೆ ಸಿ ತಂತಿಯ ಪಕ್ಕದಲ್ಲಿ ಇದು ಸಡಿಲ, ಜೋರಾಗಿ ಮೀಟಿದರೆ ಮೆಟ್ಟಿಲಿಗೆ ತಾಗಿ ಗುರುಗುಟ್ಟುತ್ತದೆ, ಮೇಲಿನ ಮೆಟ್ಟಿಲುಗಳಿಗೆ ಹೋದಂತೆ ಶ್ರುತಿ ಒಂದೆಳೆ ಏರುತ್ತದೆ. ಈ ದೋಷಗಳಿಗೇ ಬಲ್ಲವರು "ಬೆಚ್ಚಗಿನ ನಾದ" ಎಂಬ ಹೆಸರಿಟ್ಟಿದ್ದಾರೆ. ಲೋಹದ ತಂತಿಯ ಕೀಚಲಿಗೆ ಅವರು ಇಟ್ಟ ಹೆಸರು "ಹೊಳಪು". ತಂತಿಯ ಬಗ್ಗೆ ಬರೆಯುವವರು ಅಡುಗೆಮನೆಯ ಮತ್ತು ಪಾತ್ರೆ ಅಂಗಡಿಯ ಭಾಷೆಯನ್ನು ಬಿಟ್ಟು, ಎಷ್ಟು ದಪ್ಪ, ಎಷ್ಟು ಬಿಗಿ ಎಂಬುದನ್ನು ಬರೆದರೆ ನಮ್ಮಂಥವರ ಹಣವೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಹಾಗಾದರೆ ಯಾವುದು ಒಳ್ಳೆಯದು? ದೀಪಾವಳಿಯಿಂದ ಯುಗಾದಿಯವರೆಗೆ ಲೋಹದ್ದು, ಮಳೆ ಬಂದ ಮೇಲೆ ಗಾಳದ್ದು ಎಂದು ಒಮ್ಮೆ ತೀರ್ಮಾನಿಸಿದ್ದೆನಾದರೂ, ಮೊನ್ನೆ ನಡುಮಳೆಗಾಲದಲ್ಲಿ ಲೋಹದ ತಂತಿಯ ಒಂದು ಮಂದ್ರ ಪಂಚಮವನ್ನು ಬೇರೆಯವರ ವಾದ್ಯದಲ್ಲಿ ಕೇಳಿ ಆ ತೀರ್ಮಾನವೂ ಕದಲಿದೆ. ಒಂದು ಮಾತ್ರ ಖಚಿತ. ದಪ್ಪ ದಾರ ಕೂರಲೆಂದು ನಟ್ಟಿನ, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ, ಕಚ್ಚನ್ನು ಅರದಿಂದ ಅಗಲ ಮಾಡಿಸಿದ್ದೇನೆ. ಇನ್ನು ಅಲ್ಲಿ ಸಣ್ಣ ಹೈ ಜಿಯನ್ನು ಕಟ್ಟಿದರೆ ಅದು ನೆಟ್ಟಗೆ ನಿಲ್ಲದೆ ಜುರ್ರೆನ್ನುತ್ತದೆ. ಮಡಿವಂತರು ಮನೆಗೆ ಬಂದರೆ ಅವರ ಕೈಗೆ ಕೊಡುವಂಥ ವಾದ್ಯ ನನ್ನಲ್ಲಿಲ್ಲ. ಅದಕ್ಕಾಗಿ ನನಗೆ ವಿಶೇಷ ದುಃಖವೂ ಇಲ್ಲ.