ಹತ್ತು ನಿಮಿಷ ಕಾಯಲಿಲ್ಲ ಇವರು

ಊರಿಗೆ ಬಂದು ಮೂರು ವಾರ ಆಯಿತು. ಹೊಟ್ಟೆಯ ಉರಿ ಇನ್ನೂ ಆರಿಲ್ಲ.

ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವರು. ಯುರೋಪಿನ ಚೆಕ್ ದೇಶದ ರಾಜಧಾನಿ ಪ್ರಾಗ್ ನೋಡಬೇಕು ಅನ್ನೋದು ಅವರ ಹಳೇ ಆಸೆ. ಆ ಒಂದು ಊರು ಪಟ್ಟಿಯಲ್ಲಿದೆ ಅಂತಲೇ ಈ ಗ್ರೂಪ್ ಟೂರ್ ಬುಕ್ ಮಾಡಿದ್ದು. ಕಂಪನಿಯವರು ಕೊಟ್ಟ ಹಾಳೆಯಲ್ಲಿ "ಪ್ರಾಗ್: ಪೂರ್ತಿ ದಿನ ನಗರ ದರ್ಶನ" ಅಂತ ಅಚ್ಚಾಗಿತ್ತು. ಆ ಪೂರ್ತಿ ದಿನ ಹೇಗಿತ್ತು ಅಂತ ಕೇಳಿ.

ಬೆಳಿಗ್ಗೆ ಹೋಟೆಲಿನಿಂದ ಹೊರಟಿದ್ದೇ ತಡ. ಕೋಟೆ ತಲುಪಿದೆವು. ಒಳಗೆ ಸೇಂಟ್ ವೀಟಸ್ ಚರ್ಚ್ ಇದೆ. 1344ರಲ್ಲಿ ಕಟ್ಟೋಕೆ ಶುರು ಮಾಡಿ 1929ರಲ್ಲಿ ಮುಗಿಸಿದ ಚರ್ಚ್ ಅದು. ಸುಮಾರು ಆರುನೂರು ವರ್ಷ ಹಿಡಿದ ಕೆಲಸ! ಅಲ್ಲಿ ಚೆಕ್ ಚಿತ್ರಕಾರ ಆಲ್ಫೋನ್ಸ್ ಮುಖಾ ಚಿತ್ರ ಬಿಡಿಸಿದ ಬಣ್ಣದ ಗಾಜಿನ ಕಿಟಕಿ ನೋಡಬೇಕು ಅಂತ ಅಪ್ಪ ಮನೆಯಿಂದಲೇ ಹೇಳುತ್ತಿದ್ದರು. ಟೂರ್ ಮ್ಯಾನೇಜರ್ ಕೈಯಲ್ಲಿದ್ದ ಬಾವುಟ ಎತ್ತಿ, "ಟಿಕೆಟ್ ಪ್ಯಾಕೇಜಿನಲ್ಲಿ ಸೇರಿಲ್ಲ, ಹೊರಗಿಂದ ಫೋಟೋ ತಗೊಳ್ಳಿ, ಹದಿನೈದು ನಿಮಿಷ" ಅಂದರು. ನಮ್ಮ ದುಡ್ಡಿನಲ್ಲಿ ನಾವೇ ಟಿಕೆಟ್ ತಗೊಳ್ತೀವಿ ಅಂದರೂ ಟೈಮ್ ಇಲ್ಲ.

ಚಾರ್ಲ್ಸ್ ಸೇತುವೆ ಮೇಲಂತೂ ಓಡಿಸಿದರು. 1357ರಲ್ಲಿ ಅಡಿಗಲ್ಲು ಹಾಕಿದ ಸೇತುವೆ, ಅರ್ಧ ಕಿಲೋಮೀಟರ್‌ಗಿಂತ ಉದ್ದ, ಎರಡೂ ಕಡೆ ಸೇರಿ 30 ವಿಗ್ರಹಗಳು. ಅಪ್ಪನಿಗೆ ಮಂಡಿ ನೋವು. ನಿಂತು ನೋಡುವ ಮಾತಿರಲಿ, ಉಸಿರು ತಗೊಳ್ಳೋಕೂ ಬಿಡಲಿಲ್ಲ.

ಇಷ್ಟು ಅವಸರ ಯಾಕೆ ಗೊತ್ತಾ? ಇಂಡಿಯನ್ ಹೋಟೆಲಿನಲ್ಲಿ ಊಟಕ್ಕೆ ಒಂದೂವರೆ ಗಂಟೆ. ಸರಿ, ವಯಸ್ಸಾದವರಿದ್ದರು, ಊಟ ಬೇಕು. ಆದರೆ ಅದಾದ ಮೇಲೆ ಗಾಜಿನ ಸಾಮಾನಿನ ಅಂಗಡಿಗೆ ಕರ್ಕೊಂಡು ಹೋದರು. ಅಲ್ಲಿ ಒಂದು ಗಂಟೆ ಹತ್ತು ನಿಮಿಷ! ಅಲ್ಲಿ ಯಾರೂ ಬಾವುಟ ಎತ್ತಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. ಕಮಿಷನ್ ಇತ್ತೋ ಇಲ್ಲವೋ ನಾನು ಕಂಡಿಲ್ಲ. ನಮ್ಮ ಸಮಯ ಎಲ್ಲಿ ಸುರಿದರು ಅನ್ನೋದನ್ನ ಮಾತ್ರ ಕಣ್ಣಾರೆ ಕಂಡಿದ್ದೇನೆ.

ಹಳೇ ಊರಿನ ಚೌಕಕ್ಕೆ ಬಂದಾಗ ಮಧ್ಯಾಹ್ನ 3 ಗಂಟೆ 20 ನಿಮಿಷ. ಅಪ್ಪ ಬಂದಿದ್ದೇ ಈ ಜಾಗಕ್ಕೆ. ಅಲ್ಲಿನ ಟೌನ್ ಹಾಲ್ ಗೋಡೆಯ ಮೇಲೆ 1410ರಿಂದ ಇರುವ ಗಡಿಯಾರವಿದೆ. ಸೂರ್ಯ, ಚಂದ್ರ ಎಲ್ಲಿದ್ದಾರೆ ಅಂತಲೂ ತೋರಿಸುತ್ತದೆ. ಗಂಟೆ ಆಗುತ್ತಿದ್ದ ಹಾಗೆ ಪಕ್ಕದ ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಮೇಲಿನ ಎರಡು ಕಿಟಕಿ ತೆರೆದು ಯೇಸುವಿನ ಶಿಷ್ಯರು ಒಬ್ಬೊಬ್ಬರಾಗಿ ಹಾದು ಹೋಗುತ್ತಾರೆ, ಕೊನೆಗೆ ಹುಂಜ ಕೂಗುತ್ತದೆ. 4 ಗಂಟೆಗೆ ನೋಡಬಹುದು ಅಂತ ಅಪ್ಪ ಲೆಕ್ಕ ಹಾಕಿದರು.

ಅಲ್ಲಿಯವರೆಗೆ ಅದೇ ಟೌನ್ ಹಾಲಿನ ಬುಡದಲ್ಲಿ ನೆಲದ ಕಲ್ಲಿನ ನಡುವೆ ಕೂರಿಸಿದ ಬಿಳಿ ಶಿಲುಬೆಗಳನ್ನು ತೋರಿಸಿದರು. 1621ರ ಜೂನ್ 21ರಂದು ರಾಜನ ವಿರುದ್ಧ ಎದ್ದ 27 ಮಂದಿಯನ್ನು ಆ ಚೌಕದಲ್ಲೇ ಕೊಂದರು. ತಲೆಗೊಂದರಂತೆ ಶಿಲುಬೆ. ಜನ ಗೊತ್ತಿಲ್ಲದೆ ಅವುಗಳ ಮೇಲೆ ನಡೆದು ಹೋಗುತ್ತಿದ್ದರು. ಅಪ್ಪ ಒಂದು ಕೈ ಮಂಡಿ ಮೇಲೆ ಊರಿ, ಬಗ್ಗಿ, ಬೆರಳು ತೋರಿಸುತ್ತಾ ಎಣಿಸುತ್ತಿದ್ದರು. 18ಕ್ಕೆ ಬಂದಿದ್ದರು. ಅಷ್ಟರಲ್ಲಿ ಬಾವುಟ!

"ಅಂಕಲ್, ಬನ್ನಿ ಬನ್ನಿ, ಬಸ್ ಹೊರಡುತ್ತೆ."

ಸಮಯ 3 ಗಂಟೆ 50 ನಿಮಿಷ. "ಹತ್ತೇ ನಿಮಿಷಪ್ಪ, ಗಡಿಯಾರ ನೋಡ್ಕೊಂಡು ಬರ್ತೀನಿ" ಅಂದರು ಅಪ್ಪ. ಕೈ ಮುಗಿಯೋದೊಂದು ಬಾಕಿ. ಡ್ರೈವರ್‌ನ ಕೆಲಸದ ಸಮಯ ಮುಗಿಯುತ್ತೆ, ಆಗಲ್ಲ ಅಂದುಬಿಟ್ಟರು ಮ್ಯಾನೇಜರ್. ಅಲ್ಲಿ ಡ್ರೈವರ್‌ಗಳ ಕೆಲಸದ ಗಂಟೆಗೆ ಬಿಗಿ ಕಾನೂನು ಇದೆ, ಇರಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗಾಜಿನ ಅಂಗಡಿ ಮುಂದೆ ಬಸ್ ನಿಲ್ಲಿಸಿದ್ದಾಗ ಆ ಸಮಯ ಓಡುತ್ತಿರಲಿಲ್ವಾ?

ನಾವು ಬಸ್ ನಿಂತಿದ್ದ ಕಡೆಗೆ ನಡೆಯುತ್ತಿದ್ದಾಗ ಹಿಂದೆ ಗಂಟೆ ಹೊಡೆಯಿತು. ಅಪ್ಪ ನಿಂತು ತಿರುಗಿ ನೋಡಿದರು. ಕಟ್ಟಡಗಳು ಅಡ್ಡ. "ಇರ್ಲಿ ಬಿಡಮ್ಮ, ನಡಿ" ಅಂದರು. ನನಗೆ ಅಳು ಬಂತು.

5 ಗಂಟೆಗೆಲ್ಲ ಊರಾಚೆ ಹೆದ್ದಾರಿ ಪಕ್ಕದ ಹೋಟೆಲಿಗೆ ತಂದು ಹಾಕಿದರು. ಜೂನ್ ತಿಂಗಳು, ಅಲ್ಲಿ ರಾತ್ರಿ 9 ಗಂಟೆಗೂ ಬೆಳಕಿರುತ್ತದೆ. ನಾಲ್ಕು ಗಂಟೆ ಬೆಳಕನ್ನು ಕಿಟಕಿಯಲ್ಲಿ ಪಾರ್ಕಿಂಗ್ ನೋಡುತ್ತಾ ಕಳೆದೆವು.

ವಾಪಸ್ ಬಂದ ಮೇಲೆ ಕಂಪನಿಗೆ ದೂರು ಬರೆದೆ. ನಗರ ದರ್ಶನ ಅಂದರೆ ಬಸ್ಸಿನಿಂದ ಮತ್ತು ಹೊರಗಿನಿಂದ ನೋಡುವುದು, ನಿಯಮ ಓದಿ ಅಂತ ಉತ್ತರ ಬಂತು. ಮುಂದಿನ ಟೂರಿಗೆ ರಿಯಾಯಿತಿ ಕೊಡ್ತಾರಂತೆ. ನನಗೆ ರಿಯಾಯಿತಿ ಬೇಡ. ಆ ಹಾಳೆಯಲ್ಲಿ ಯಾವ ಜಾಗಕ್ಕೆ ಎಷ್ಟು ನಿಮಿಷ, ಅಂಗಡಿಗೆ ಎಷ್ಟು ನಿಮಿಷ ಅಂತ ಅಚ್ಚು ಹಾಕಿ ಅಂತ ಮತ್ತೆ ಬರೆದಿದ್ದೇನೆ. ಇವತ್ತಿಗೆ ಹನ್ನೊಂದು ದಿನ, ಉತ್ತರ ಇಲ್ಲ.